ಇಂಗ್ಲೆಂಡಿನ ವೃದ್ಧಾಶ್ರಮಗಳೂ ಕೋವಿಡ್ ಮಹಾಮಾರಿಯೂ

೧

೨೦೨೦ನೆಯ ಇಸವಿಯ ಮಾರ್ಚಿ ೨ರಿಂದ ಜೂನ್ ೧೨ರ ವರೆಗಿನ ನೂರಮೂರು ದಿನಗಳಲ್ಲಿ ಇಂಗ್ಲೆಂಡು ಮತ್ತು ವೇಲ್ಸ್ ದೇಶಗಳ ವೃದ್ಧಾಶ್ರಮಗಳಲ್ಲಿ ವಾಸವಾಗಿದ್ದವರ ಪೈಕಿ ೬೬,೧೧೨ ಮಂದಿ ಕಾಲವಾದರು. ಇವರಲ್ಲಿ ೧೯,೩೯೪ ಮಂದಿಯ ಮರಣಪತ್ರಗಳಲ್ಲಿ ಕೋವಿಡ್ ರೋಗದ ಹೆಸರು ದಾಖಲಾಗಿದೆ. ಎಂದರೆ, ಸತ್ತವರಲ್ಲಿ ಹತ್ತರಲ್ಲಿ ಮೂರು ಪಾಲಿಗೆ ಸಮೀಪವಾದ ಜನರಿಗೆ ಆ ರೋಗದ ಸಂಬಂಧವಿದ್ದಿತು. ೨೦೨೨ರ ಜನವರಿಯ ವರೆಗೆ ಲೆಕ್ಕಹಾಕಿದರೆ ಈ ಸಂಖ್ಯೆ ೪೫,೦೦೦ವನ್ನು ಮೀರುತ್ತದೆ. ಇವರೆಲ್ಲರೂ ಸ್ವಂತ ಮನೆಯಲ್ಲಿ ಬಾಳಲು ಶಕ್ತಿಸಾಲದೆ, ಪರರ ರಕ್ಷಣೆಗೆ ಒಪ್ಪಿಸಲ್ಪಟ್ಟಿದ್ದವರು. ರಕ್ಷಣೆಗೆಂದು ಕಟ್ಟಿದ ಮನೆಗಳಲ್ಲಿಯೇ ಇಷ್ಟು ದೊಡ್ಡ ನಾಶವು ಹೇಗೆ ಸಂಭವಿಸಿತೆಂಬುದು ಚರಿತ್ರಕಾರರು ವಿಚಾರಿಸತಕ್ಕ ವಿಷಯವಾಗಿದೆ.

ಈ ವಿಷಯದಲ್ಲಿ ಸಾಮಾನ್ಯವಾಗಿ ಎರಡು ಪಕ್ಷಗಳುಂಟು. ವೃದ್ಧಾಪ್ಯವೂ ರೋಗದ ಸ್ವಭಾವವೂ ಕೂಡಿ ಈ ಸಾವುಗಳಿಗೆ ಕಾರಣವಾದುವು, ಮನುಷ್ಯಪ್ರಯತ್ನದಿಂದ ತಪ್ಪಿಸಬಹುದಾಗಿದ್ದುದು ಅಲ್ಪ ಎಂಬುದು ಒಂದು ಪಕ್ಷ. ಆ ಕೆಲವು ವಾರಗಳಲ್ಲಿ ಅಧಿಕಾರದಲ್ಲಿದ್ದವರ ಅವಿಚಾರವೇ ಕಾರಣ ಎಂಬುದು ಇನ್ನೊಂದು ಪಕ್ಷ. ಎರಡರಲ್ಲಿಯೂ ಸತ್ಯಾಂಶವಿಲ್ಲದಿಲ್ಲ. ಆದರೆ ೨೦೨೦ರ ಘಟನೆಗಳನ್ನು ಮಾತ್ರ ನೋಡಿದರೆ ಅವುಗಳ ಬೇರು ಕಾಣುವುದಿಲ್ಲ. ರೋಗಿಗೆ ಒಂದು ಏರ್ಪಾಡು, ಅಶಕ್ತ ವೃದ್ಧನಿಗೆ ಮತ್ತೊಂದು ಏರ್ಪಾಡು ಎಂದು ೧೯೪೮ರಲ್ಲಿ ಎಳೆದ ಗೆರೆಯೊಂದುಂಟು. ಎಪ್ಪತ್ತೆರಡು ವರ್ಷಗಳ ತರುವಾಯ ಮಹಾಮಾರಿಯು ಬಂದಾಗ ಆಸ್ಪತ್ರೆಯ ಕಡೆಯಲ್ಲಿದ್ದವರು ಮೊದಲು ಎಣಿಕೆಗೆ ಬಂದರು. ಗೆರೆಯ ಆಚೆಯವರು ಆಮೇಲೆ ನೆನಪಿಗೆ ಬಂದರು.

೨

ಇಂಗ್ಲೆಂಡಿನಲ್ಲಿ ನಿರ್ಗತಿಕರಾದ ವೃದ್ಧರ ಪೋಷಣೆಯು ಬಹುಕಾಲ ಬಡವರ ಕಾನೂನಿನ ಒಂದು ಅಂಗವಾಗಿದ್ದಿತು. ೧೬೦೧ರಲ್ಲಿ ಎಲಿಜಬೆತ್ ರಾಣಿಯ ಆಳಿಕೆಯಲ್ಲಿ ಹುಟ್ಟಿದ ಶಾಸನವು ಮುದುಕರು, ಕುರುಡರು, ಕುಂಟರು ಮೊದಲಾದ ಅಶಕ್ತರ ಹೊಣೆಯನ್ನು ಆಯಾ ಚರ್ಚಿನ ಗ್ರಾಮಕ್ಕೆ ವಹಿಸಿತು. ೧೮೩೪ರ ಹೊಸ ಶಾಸನವು ಈ ಪದ್ಧತಿಯನ್ನು ಬಿಗಿಗೊಳಿಸಿ, ನೆರವು ಬೇಡುವವರು 'ವರ್ಕ್‌ಹೌಸ್' ಎಂಬ ದುಡಿಮೆಮನೆಗಳನ್ನು ಸೇರತಕ್ಕುದೆಂಬ ತತ್ತ್ವವನ್ನು ಮುಂದಿಟ್ಟಿತು. ಅಲ್ಲಿನ ಬಾಳು ಹೊರಗಣ ಕಡುಬಡವ ಕೂಲಿಯವನ ಬಾಳಿಗಿಂತಲೂ ಹೀನವಾಗಿರಬೇಕು, ಹಾಗಿಲ್ಲದಿದ್ದರೆ ಜನರು ಸೋಮಾರಿಗಳಾಗುವರು ಎಂಬುದು ಅದನ್ನು ರಚಿಸಿದವರ ಅಭಿಪ್ರಾಯ. ದುಡಿಯಬಲ್ಲವನನ್ನು ಹೆದರಿಸಲು ಮಾಡಿದ ಈ ಏರ್ಪಾಡಿನಲ್ಲಿ ಕಾಲಕ್ರಮೇಣ ಉಳಿದುಕೊಂಡವರು ದುಡಿಯಲಾರದವರೇ. ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಈ ಮನೆಗಳು ಬಹುಮಟ್ಟಿಗೆ ವೃದ್ಧರ ಮತ್ತು ದೀರ್ಘರೋಗಿಗಳ ಆಶ್ರಯಗಳಾಗಿ ಪರಿಣಮಿಸಿದುವು.

೧೯೦೮ರ ಶಾಸನದಿಂದ ಎಪ್ಪತ್ತು ವರ್ಷ ತುಂಬಿದ ಬಡವರಿಗೆ ವಾರಕ್ಕೆ ೫ ಷಿಲ್ಲಿಂಗಿನ ವರೆಗೆ ವೃದ್ಧಾಪ್ಯವೇತನವು ದೊರೆತು, ಹಲವರು ದುಡಿಮೆಮನೆಯ ಬಾಗಿಲು ತುಳಿಯುವುದು ತಪ್ಪಿತು. ೧೯೩೦ರಲ್ಲಿ ಈ ಮನೆಗಳ ಆಡಳಿತವು ಸ್ಥಳೀಯ ಮಂಡಲಿಗಳ ಕೈಸೇರಿತು. ಹೆಸರು ಬದಲಾಯಿತು, ಗೋಡೆಗಳು ಬದಲಾಗಲಿಲ್ಲ.

ಈ ಗೋಡೆಗಳ ಒಳಗೆ ಏನಿತ್ತೆಂಬುದು ಡಾಕ್ಟರ್ ಮಾರ್ಜರಿ ವಾರೆನ್ ಎಂಬ ಮಹಿಳೆಯ ಕಾರ್ಯದಿಂದ ಹೊರಬಿದ್ದಿತು. ೧೯೩೫ರಲ್ಲಿ ಲಂಡನ್ನಿನ ಬಳಿಯ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯು ನೆರೆಯ ದುಡಿಮೆಮನೆಯ ೭೧೪ ಹಾಸಿಗೆಗಳ ರೋಗಿಶಾಲೆಯನ್ನು ವಹಿಸಿಕೊಂಡಾಗ, ಅಲ್ಲಿ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದ ಅನೇಕರನ್ನು ಯಾವ ವೈದ್ಯನೂ ಸರಿಯಾಗಿ ಪರೀಕ್ಷಿಸಿಯೇ ಇರಲಿಲ್ಲವೆಂದು ಆಕೆ ಕಂಡುಕೊಂಡಳು. ಒಬ್ಬೊಬ್ಬರನ್ನಾಗಿ ನೋಡಿ, ವಿಂಗಡಿಸಿ, ಚಿಕಿತ್ಸೆಮಾಡಿ, ನಡೆದಾಡಿಸಿ, ಹಲವರನ್ನು ಮನೆಗೆ ಕಳುಹಿಸಿದಳು. ವೃದ್ಧರ ವೈದ್ಯವು ಪ್ರತ್ಯೇಕ ಶಾಸ್ತ್ರವಾಗಿ ಬೆಳೆದುದಕ್ಕೆ ಇದು ಮೊದಲಾಯಿತು. ಮುಪ್ಪು ಬೇರೆ, ರೋಗ ಬೇರೆ ಎಂದು ಹೇಳಿ ವೃದ್ಧನನ್ನು ವೈದ್ಯನ ಕಣ್ಣಿನಿಂದ ದೂರಮಾಡಕೂಡದು ಎಂಬುದೇ ಆಕೆಯ ಕಾರ್ಯದ ಸಾರಾಂಶ.

೩

೧೯೪೮ನೆಯ ಇಸವಿ ಜುಲೈ ೫ರಂದು ಎರಡು ಶಾಸನಗಳು ಒಟ್ಟಿಗೆ ಜಾರಿಗೆ ಬಂದುವು. ಒಂದರಿಂದ ರಾಷ್ಟ್ರೀಯ ಆರೋಗ್ಯಸೇವೆಯು ಹುಟ್ಟಿ, ಆಸ್ಪತ್ರೆಯ ಚಿಕಿತ್ಸೆಯು ಧನಿಕ ದರಿದ್ರರೆಂಬ ಭೇದವಿಲ್ಲದೆ ಎಲ್ಲರಿಗೂ ಉಚಿತವಾಯಿತು. ರಾಷ್ಟ್ರೀಯ ಸಹಾಯ ಶಾಸನವೆಂಬ ಎರಡನೆಯದರಿಂದ ಬಡವರ ಕಾನೂನು ರದ್ದಾಯಿತು. ವಯಸ್ಸಿನಿಂದಲೋ ಅಶಕ್ತತೆಯಿಂದಲೋ ಆರೈಕೆ ಬೇಕಾದವರಿಗೆ ವಸತಿಯನ್ನೊದಗಿಸುವ ಹೊಣೆಯು ಸ್ಥಳೀಯ ಮಂಡಲಿಗಳಿಗೆ ಬಂದಿತು. ಆದರೆ ಈ ವಸತಿಯು ಉಚಿತವಲ್ಲ. ಅವರವರ ಶಕ್ತ್ಯನುಸಾರ ಹಣ ಕೊಡತಕ್ಕುದು.

ಇಬ್ಬಗೆಯ ಈ ಏರ್ಪಾಡನ್ನು ರೂಪಿಸಿದ ಮಂತ್ರಿ ಅನ್ಯೂರಿನ್ ಬೆವನ್ ಸದುದ್ದೇಶವುಳ್ಳವನು. ದುಡಿಮೆಮನೆಗಳು ಅಳಿದು, ಅವುಗಳ ಸ್ಥಾನದಲ್ಲಿ ಇಪ್ಪತ್ತೈದು ಮೂವತ್ತು ಮಂದಿ ವಾಸಿಸುವ ಸಣ್ಣ ಮನೆಗಳು ಏಳಬೇಕೆಂಬುದು ಆತನ ಆಶಯವಾಗಿದ್ದಿತು. ಆದರೆ ಶಾಸನವು ಒಂದೇ ವೃದ್ಧದೇಹವನ್ನು ಇಬ್ಬರು ಯಜಮಾನರಿಗೆ ಹಂಚಿಕೊಟ್ಟಿತು. ಕೆಲವು ಊರುಗಳಲ್ಲಿ ಹಳೆಯ ದುಡಿಮೆಮನೆಯ ರೋಗಿಶಾಲೆಯು ಆರೋಗ್ಯಸೇವೆಗೂ, ಅದೇ ಆವರಣದ ಉಳಿದ ಕಟ್ಟಡಗಳು ಸ್ಥಳೀಯ ಮಂಡಲಿಗೂ ಸೇರಿದುವು. ಅಂಗಳದ ಈ ಮಗ್ಗುಲಲ್ಲಿ ಮಲಗಿದವನು ರೋಗಿ; ಆ ಮಗ್ಗುಲಲ್ಲಿ ಮಲಗಿದವನು ನಿವಾಸಿ. ಈತನ ವೈದ್ಯ, ದಾದಿ, ಔಷಧಿಗಳಿಗೆ ರಾಜ್ಯದ ಬೊಕ್ಕಸ. ಆತನ ಆರೈಕೆಗೆ ಅವನದೇ ಉಳಿತಾಯ, ಅದು ತೀರಿದ ಮೇಲೆ ಮಂಡಲಿಯ ಧನ.

ಹಣದ ಅಭಾವದಿಂದ ಸಣ್ಣ ಮನೆಗಳು ಬೇಗ ಏಳಲಿಲ್ಲ. ಪೀಟರ್ ಟೌನ್‌ಸೆಂಡ್ ಎಂಬ ವಿದ್ವಾಂಸನು ೧೭೩ ವೃದ್ಧಾಶ್ರಮಗಳನ್ನು ತಾನೇ ಹೋಗಿ ನೋಡಿ ೧೯೬೨ರಲ್ಲಿ ಪ್ರಕಟಿಸಿದ 'ದಿ ಲಾಸ್ಟ್ ರೆಫ್ಯೂಜ್' ಎಂಬ ಗ್ರಂಥದಿಂದ, ಸಾವಿರಾರು ವೃದ್ಧರು ಇನ್ನೂ ಹಳೆಯ ದುಡಿಮೆಮನೆಗಳ ಕಟ್ಟಡಗಳಲ್ಲಿಯೇ ದಿನಕಳೆಯುತ್ತಿದ್ದರೆಂದು ತಿಳಿಯಬರುತ್ತದೆ. ೧೯೮೦ರ ದಶಕದಲ್ಲಿ ಪರಿಸ್ಥಿತಿಯು ಬೇರೆ ದಾರಿ ಹಿಡಿಯಿತು. ಖಾಸಗಿ ವೃದ್ಧಾಶ್ರಮ ಸೇರುವ ಬಡವರಿಗೆ ಸರ್ಕಾರದ ಸಾಮಾಜಿಕ ಭದ್ರತಾ ನಿಧಿಯಿಂದ ಹಣ ಸಂದಾಯವಾಗತೊಡಗಿ, ೧೯೭೯ರಲ್ಲಿ ಸುಮಾರು ಒಂದು ಕೋಟಿ ಪೌಂಡಾಗಿದ್ದ ಆ ವೆಚ್ಚವು ದಶಕದ ಕೊನೆಗೆ ನೂರು ಕೋಟಿಯನ್ನು ಮುಟ್ಟಿತು. ಖಾಸಗಿ ಮನೆಗಳು ಹೆಚ್ಚಿದುವು. ದೀರ್ಘಕಾಲದ ರೋಗಿಗಳಿಗಾಗಿದ್ದ ಆಸ್ಪತ್ರೆಯ ಹಾಸಿಗೆಗಳು ಕಡಿಮೆಯಾದುವು. ಹಿಂದೆ ಆಸ್ಪತ್ರೆಯಲ್ಲಿರುತ್ತಿದ್ದಂತಹ ಅಶಕ್ತರೇ ಈಗ ಗೆರೆಯನ್ನು ದಾಟಿ ವೃದ್ಧಾಶ್ರಮಗಳಿಗೆ ಬಂದರು. ೧೯೯೦ರಲ್ಲಿ ಹುಟ್ಟಿ ೧೯೯೩ರಲ್ಲಿ ಪೂರ್ಣವಾಗಿ ಜಾರಿಗೆ ಬಂದ ಶಾಸನವು ಹಣದ ಹತೋಟಿಯನ್ನು ಸ್ಥಳೀಯ ಮಂಡಲಿಗಳಿಗೆ ಒಪ್ಪಿಸಿತೇ ಹೊರತು ಗೆರೆಯನ್ನು ಅಳಿಸಲಿಲ್ಲ. ಶರೀರದ ಆರೈಕೆಯನ್ನೂ ಉಚಿತವಾಗಿ ಒದಗಿಸಬೇಕೆಂದು ೧೯೯೯ರಲ್ಲಿ ರಾಜಾಯೋಗವು ಮಾಡಿದ ಸಲಹೆಯನ್ನು ಸ್ಕಾಟ್ಲೆಂಡು ೨೦೦೨ರಲ್ಲಿ ಅಂಗೀಕರಿಸಿತು, ಇಂಗ್ಲೆಂಡು ಅಂಗೀಕರಿಸಲಿಲ್ಲ.

ಹೀಗೆ ೨೦೨೦ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ೧೫,೦೦೦ಕ್ಕೂ ಹೆಚ್ಚು ಆಶ್ರಯಗೃಹಗಳಿದ್ದುವು. ಅವುಗಳಲ್ಲಿ ಬಹುಪಾಲು ಖಾಸಗಿಯವರ ಸ್ವತ್ತು. ಆರೈಕೆಯ ಕೆಲಸಗಾರರಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲಿನವರಿಗೆ ವಾರಕ್ಕಿಷ್ಟು ಗಂಟೆಗಳ ಕೆಲಸವೆಂಬ ನಿಶ್ಚಯವೂ ಇರಲಿಲ್ಲ.

೪

ಮುಂದಾಗುವುದನ್ನು ತಿಳಿಯಲು ದೃಷ್ಟಾಂತಗಳಿರಲಿಲ್ಲವೆಂದು ಹೇಳುವಂತಿಲ್ಲ. ೨೦೦೩ರಲ್ಲಿ ಸಾರ್ಸ್ ಜ್ವರವು ಹಾಂಗ್‌ಕಾಂಗಿನಲ್ಲಿ ೧,೭೫೫ ಮಂದಿಗೆ ತಗುಲಿ ೨೯೯ ಮಂದಿಯನ್ನು ಬಲಿತೆಗೆದುಕೊಂಡಿತು. ಆ ನಗರದವರು ಅದರಿಂದ ಪಾಠ ಕಲಿತು, ಪ್ರತಿಯೊಂದು ವೃದ್ಧಾಶ್ರಮದಲ್ಲಿಯೂ ಸೋಂಕುತಡೆಯ ಹೊಣೆಗಾರನೊಬ್ಬನು ಇರತಕ್ಕುದೆಂದು ಏರ್ಪಡಿಸಿದರು. ೨೦೨೦ರಲ್ಲಿ ಕೋವಿಡ್ ತಲೆದೋರಿದಾಗ ರೋಗ ತಗುಲಿದ ವೃದ್ಧನನ್ನು ಆಶ್ರಮದಲ್ಲಿಯೇ ಇಟ್ಟುಕೊಳ್ಳದೆ ಆಸ್ಪತ್ರೆಗೆ ಸಾಗಿಸಿ, ಅವನ ಸಂಪರ್ಕದಲ್ಲಿದ್ದವರನ್ನು ಬೇರೆಡೆ ಇರಿಸಿದರು. ರೋಗದ ಮೊದಲ ತಿಂಗಳುಗಳಲ್ಲಿ ಅಲ್ಲಿಯ ವೃದ್ಧಾಶ್ರಮಗಳು ಬಹುಮಟ್ಟಿಗೆ ಸುರಕ್ಷಿತವಾಗಿದ್ದುವು.

ಇಂಗ್ಲೆಂಡಿನಲ್ಲಿಯೂ ೨೦೧೬ರ ಅಕ್ಟೋಬರಿನಲ್ಲಿ 'ಸಿಗ್ನಸ್' ಎಂಬ ಹೆಸರಿನ ಅಭ್ಯಾಸವೊಂದು ನಡೆಯಿತು. ಇನ್‌ಫ್ಲುಯೆಂಜಾ ಮಹಾಮಾರಿ ಬಂದೊದಗಿದಂತೆ ಭಾವಿಸಿಕೊಂಡು ಅಧಿಕಾರಿಗಳು ತಮ್ಮ ಸಿದ್ಧತೆಯನ್ನು ಪರೀಕ್ಷಿಸಿಕೊಂಡರು. ಆಸ್ಪತ್ರೆಗಳ ಹೊರಗಣ ಆರೈಕೆಯ ಏರ್ಪಾಡು ಇಂತಹ ಭಾರವನ್ನು ಎಷ್ಟರಮಟ್ಟಿಗೆ ತಾಳಬಲ್ಲುದೆಂಬುದನ್ನು ಅಳೆಯುವ ಕ್ರಮವೊಂದು ಬೇಕೆಂದು ಅದರ ವರದಿಯು ಸೂಚಿಸಿತು. ಆ ವರದಿಯನ್ನು ಸರ್ಕಾರವು ಸಾರ್ವಜನಿಕರ ಮುಂದಿಟ್ಟುದು ೨೦೨೦ರ ಅಕ್ಟೋಬರಿನಲ್ಲಿ. ಅಷ್ಟರಲ್ಲಿ ಮಹಾಮಾರಿಯ ಮೊದಲನೆಯ ಅಲೆಯು ಕಳೆದಿದ್ದಿತು.

೫

೨೦೨೦ರ ಘಟನೆಗಳನ್ನು ಈಗ ಕ್ರಮವಾಗಿ ನೋಡಬಹುದು. ಫೆಬ್ರವರಿ ೨೫ರಂದು ಹೊರಟ ಸರ್ಕಾರದ ಸೂಚನಾಪತ್ರವು ವೃದ್ಧಾಶ್ರಮವಾಸಿಗಳಿಗೆ ಸೋಂಕು ತಗುಲುವ ಸಂಭವವು ಬಹು ಕಡಿಮೆಯೆಂದು ತಿಳಿಸಿತು. ಮಾರ್ಚಿ ೧೩ರಂದು ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಾಯಿತು. ರೋಗಲಕ್ಷಣ ತೋರದವರಿಂದಲೂ ಸೋಂಕು ಹರಡಬಹುದೆಂದು ಸರ್ಕಾರದ ಪ್ರಧಾನ ವಿಜ್ಞಾನ ಸಲಹೆಗಾರ ಸರ್ ಪ್ಯಾಟ್ರಿಕ್ ವ್ಯಾಲೆನ್ಸ್ ರೇಡಿಯೋದಲ್ಲಿ ಹೇಳಿದುದೂ ಅದೇ ದಿನ. ಇಟಲಿಯ ಆಸ್ಪತ್ರೆಗಳು ರೋಗಿಗಳಿಂದ ತುಂಬಿ ತುಳುಕುತ್ತಿದ್ದುದನ್ನು ಕಂಡ ಅಧಿಕಾರಿಗಳಿಗೆ ಹಾಸಿಗೆಗಳದೇ ಚಿಂತೆಯಾಗಿದ್ದಿತು. ಮಾರ್ಚಿ ೧೭ರಂದು ಆರೋಗ್ಯಸೇವೆಯವರು, ವೈದ್ಯದೃಷ್ಟಿಯಿಂದ ಹೊರಡಬಲ್ಲ ರೋಗಿಗಳೆಲ್ಲರನ್ನೂ ಕೂಡಲೆ ಕಳುಹಿಸಿಕೊಡಬೇಕೆಂದು ಆಸ್ಪತ್ರೆಗಳಿಗೆ ಬರೆದರು; ೧೫,೦೦೦ ಹಾಸಿಗೆಗಳು ತೆರವಾಗಬಹುದೆಂಬುದು ಅವರ ಎಣಿಕೆ. ಏಪ್ರಿಲ್ ೨ರ ಸೂಚನೆಯಲ್ಲಿ, ವೃದ್ಧಾಶ್ರಮಕ್ಕೆ ಸೇರಿಸುವ ಮೊದಲು ರೋಗವಿಲ್ಲವೆಂಬ ಪರೀಕ್ಷೆಯು ಅವಶ್ಯವಲ್ಲವೆಂದು ಸ್ಪಷ್ಟವಾಗಿ ಹೇಳಿತ್ತು. ಹೊರಡುವವರಿಗೆಲ್ಲ ಪರೀಕ್ಷೆಯಾಗಬೇಕೆಂಬ ನಿಯಮವು ಏಪ್ರಿಲ್ ೧೫ರಂದು ಬಂದಿತು. ಈ ಎರಡು ದಿನಾಂಕಗಳ ನಡುವೆ, ಎಂದರೆ ಮಾರ್ಚಿ ೧೭ರಿಂದ ಏಪ್ರಿಲ್ ೧೫ರ ವರೆಗೆ, ಸುಮಾರು ೨೫,೦೦೦ ಮಂದಿ ಆಸ್ಪತ್ರೆಗಳಿಂದ ವೃದ್ಧಾಶ್ರಮಗಳಿಗೆ ಹೋದರೆಂದು ರಾಷ್ಟ್ರೀಯ ಲೆಕ್ಕಪರಿಶೋಧಕರು ತಿಳಿಸುತ್ತಾರೆ.

ಈ ಸಂಖ್ಯೆಯನ್ನು ಎಚ್ಚರಿಕೆಯಿಂದ ತೂಗಿನೋಡಬೇಕು. ಹಿಂದಿನ ವರ್ಷದ ಅದೇ ದಿನಗಳಲ್ಲಿ ಹಾಗೆ ಹೋದವರು ಸುಮಾರು ೩೫,೦೦೦ ಮಂದಿ. ಆದುದರಿಂದ ತಪ್ಪಿದ್ದುದು ಕಳುಹಿಸಿದುದರಲ್ಲಿ ಅಲ್ಲ. ಪರೀಕ್ಷಿಸದೆ, ಹೋದಲ್ಲಿ ಪ್ರತ್ಯೇಕವಾಗಿರಿಸುವ ಏರ್ಪಾಡನ್ನು ವಿಚಾರಿಸದೆ ಕಳುಹಿಸಿದುದರಲ್ಲಿ. ಈ ದಾರಿಯಿಂದ ರೋಗವು ಕಾಲಿಟ್ಟ ಆಶ್ರಮಗಳು ನೂರಕ್ಕೆ ಎರಡಕ್ಕಿಂತಲೂ ಕಡಿಮೆಯೆಂದು ೨೦೨೧ರಲ್ಲಿ ಸರ್ಕಾರದ ಆರೋಗ್ಯ ಇಲಾಖೆಯೊಂದು ಗಣನೆಮಾಡಿತು. ಆದರೆ ಆ ವಾರಗಳಲ್ಲಿ ರೋಗ ಕಾಣಿಸಿಕೊಂಡ ಆಶ್ರಮದಲ್ಲಿ ಲಕ್ಷಣ ತೋರಿದ ಮೊದಲ ಕೆಲವರನ್ನು ಮಾತ್ರ ಪರೀಕ್ಷಿಸುತ್ತಿದ್ದರು. ಪರೀಕ್ಷೆಯಿಲ್ಲದ ಕಾಲದ ಲೆಕ್ಕವು ನಿಶ್ಚಿತವಾದ ಪ್ರಮಾಣವಾಗಲಾರದು. ಅಮೆರಿಕದ ವಾಷಿಂಗ್ಟನ್ ಸಂಸ್ಥಾನದ ಒಂದು ಶುಶ್ರೂಷಾಲಯದಲ್ಲಿ ಆ ಮಾರ್ಚಿಯಲ್ಲಿಯೇ ೭೬ ಮಂದಿ ನಿವಾಸಿಗಳನ್ನು ಪರೀಕ್ಷಿಸಿದಾಗ ೪೮ ಮಂದಿಗೆ ಸೋಂಕಿರುವುದು ಕಂಡುಬಂದಿತು. ಅವರಲ್ಲಿ ೨೭ ಮಂದಿಗೆ ಅಂದು ಯಾವ ಲಕ್ಷಣವೂ ಇರಲಿಲ್ಲ. ಕೆಮ್ಮು ಜ್ವರಗಳನ್ನು ಕಾಯುತ್ತ ಕುಳಿತ ಕಾವಲು ವ್ಯರ್ಥವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

೬

ರೋಗವು ಒಳಹೊಕ್ಕ ಇನ್ನೊಂದು ದಾರಿಯು ಇದಕ್ಕಿಂತ ವಿಶಾಲವಾದುದು. ವೃದ್ಧನು ಹೊರಗೆ ಹೋಗನು. ಬಂಧುಗಳು ಬಾರದಂತೆ ತಡೆಯಬಹುದು. ಆದರೆ ಅವನಿಗೆ ಉಣಿಸುವವಳು, ಸ್ನಾನಮಾಡಿಸುವವಳು, ಹೊರಳಿಸಿ ಮಲಗಿಸುವವಳು ಪ್ರತಿದಿನವೂ ತನ್ನ ಮನೆಯಿಂದ ಬಂದು ಹೋಗಲೇಬೇಕು. ಇಂಗ್ಲೆಂಡಿನ ಸಾವಿರಾರು ಆಶ್ರಮಗಳಿಂದ ಮಾಹಿತಿ ಕೂಡಿಸಿ ೨೦೨೦ರಲ್ಲಿ ನಡೆಸಿದ 'ವಿವಾಲ್ಡಿ' ಎಂಬ ಶೋಧನೆಯಲ್ಲಿ, ಕಾಯಿಲೆ ಬಿದ್ದ ಕೆಲಸಗಾರರಿಗೆ ಸಂಬಳ ಕೊಡುತ್ತಿದ್ದ ಆಶ್ರಮಗಳ ನಿವಾಸಿಗಳಲ್ಲಿ ಸೋಂಕು ಕಡಿಮೆಯಾಗಿಯೂ, ಹೊರಗಿನ ಬದಲಿ ಆಳುಗಳನ್ನು ಮೇಲಿಂದ ಮೇಲೆ ಕರೆಸುತ್ತಿದ್ದ ಕಡೆಗಳಲ್ಲಿ ಹೆಚ್ಚಾಗಿಯೂ ಇದ್ದಿತೆಂದು ತಿಳಿದುಬಂದಿತು. ಆ ವರ್ಷದ ಏಪ್ರಿಲಿನಿಂದ ಶಾಸನವು ವಿಧಿಸಿದ್ದ ಕಾಯಿಲೆಯ ಭತ್ಯವು ವಾರಕ್ಕೆ ೯೫ ಪೌಂಡು ೮೫ ಪೆನ್ಸ್. ಇಷ್ಟರಲ್ಲಿ ಮನೆಬಾಡಿಗೆಯನ್ನೂ ತೆತ್ತು ಮಕ್ಕಳನ್ನೂ ಸಾಕಬೇಕಾದವಳು, ಸಣ್ಣ ಕಾಯಿಲೆಗೆ ದಿನಗಟ್ಟಲೆ ಮನೆಯಲ್ಲಿ ಕೂರುವುದು ಸುಲಭವಲ್ಲ. ದೊರೆಯುವ ಗಂಟೆಗಳು ಸಾಲದೆ ಎರಡು ಆಶ್ರಮಗಳಲ್ಲಿ ದುಡಿಯುವವಳು ಒಂದರ ರೋಗವನ್ನು ಇನ್ನೊಂದಕ್ಕೆ ಒಯ್ಯುವುದೂ ಆಶ್ಚರ್ಯವಲ್ಲ. ತಾನು ತಿಳಿಯದೆ ಒಯ್ದ ಈ ಕೆಲಸಗಾರರಲ್ಲಿಯೂ ಅನೇಕರು ಪ್ರಾಣಬಿಟ್ಟರೆಂಬುದನ್ನು ಮರೆಯಬಾರದು.

ಇದಕ್ಕೆ ಪ್ರತಿಯಾಗಿ ಫ್ರಾನ್ಸಿನ ೧೭ ವೃದ್ಧಾಶ್ರಮಗಳಲ್ಲಿ ಕೆಲಸಗಾರರು ತಾವಾಗಿಯೇ ನಿವಾಸಿಗಳೊಡನೆ ಒಳಗೆ ಉಳಿದುಕೊಂಡರು. ಅವುಗಳಲ್ಲಿ ಒಂದರಲ್ಲಿ ಮಾತ್ರವೇ ನಿವಾಸಿಗಳಿಗೆ ರೋಗ ತಗುಲಿತು. ಇಂಗ್ಲೆಂಡಿನಲ್ಲಿಯೂ ಕೆಲವೆಡೆ ಹೀಗೆ ಮನೆಮಕ್ಕಳನ್ನು ಬಿಟ್ಟು ಉಳಿದ ಸೇವಕಿಯರಿದ್ದರು. ಇಂತಹ ತ್ಯಾಗವು ಪ್ರಶಂಸನೀಯವೇ. ಆದರೆ ಅದನ್ನು ಆಡಳಿತದ ನೀತಿಯೆಂದು ಎಣಿಸಲಾಗದು. ಮೇ ೧೫ರಂದು ಸರ್ಕಾರವು ಸೋಂಕುತಡೆಗೆಂದು ೬೦ ಕೋಟಿ ಪೌಂಡುಗಳನ್ನು ಘೋಷಿಸಿತು. ಮೊದಲಿನಿಂದಲೂ ವೃದ್ಧಾಶ್ರಮಗಳ ಸುತ್ತಲೂ ರಕ್ಷಣೆಯ ಬಳೆಯನ್ನು ಹಾಕಲು ಪ್ರಯತ್ನಿಸಲಾಗಿದೆಯೆಂದು ಆರೋಗ್ಯಮಂತ್ರಿ ಮ್ಯಾಟ್ ಹ್ಯಾನ್‌ಕಾಕ್ ಹೇಳಿದುದೂ ಆ ದಿನವೇ. ಅಷ್ಟರಲ್ಲಿ ಮೊದಲ ಅಲೆಯ ಸಾವುಗಳಲ್ಲಿ ಹೆಚ್ಚಿನವು ಆಗಿಹೋಗಿದ್ದುವು.

ಇನ್ನೊಂದು ಸಂಗತಿಯೂ ಗಮನಾರ್ಹವಾಗಿದೆ. ನೆರೆಯ ಸ್ಕಾಟ್ಲೆಂಡಿನ ಆರೋಗ್ಯಾಧಿಕಾರಿಗಳು ೨೦೨೦ರ ಅಕ್ಟೋಬರಿನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ರೋಗವು ತಲೆದೋರುವುದಕ್ಕೂ ಆಶ್ರಮದ ಗಾತ್ರಕ್ಕೂ ಬಲವಾದ ಸಂಬಂಧವಿದ್ದಿತು: ಮನೆ ದೊಡ್ಡದಾದಷ್ಟೂ ಅಪಾಯ ಹೆಚ್ಚು. ಇಪ್ಪತ್ತೈದು ಮೂವತ್ತು ಮಂದಿಯ ಮನೆಗಳೆಂಬ ಬೆವನ್ನನ ಆಶಯವು ಕೇವಲ ಮರ್ಯಾದೆಯ ಮಾತಾಗಿರದೆ ಪ್ರಾಣರಕ್ಷಣೆಯ ಮಾತೂ ಆಗಿದ್ದಿತೆಂಬುದು ಹೀಗೆ ವ್ಯಕ್ತವಾಯಿತು.

೭

ರಕ್ಷಣೆಯ ಹೆಸರಿನಲ್ಲಿ ನಡೆದ ಹಾನಿಯನ್ನೂ ಇಲ್ಲಿ ಹೇಳದಿದ್ದರೆ ವೃತ್ತಾಂತವು ಅಪೂರ್ಣವಾಗುವುದು. ಮಾರ್ಚಿಯಿಂದ ಬಂಧುಗಳ ಭೇಟಿ ನಿಂತಿತು. ನಿವಾಸಿಗಳಲ್ಲಿ ಹೆಚ್ಚಿನ ಪಾಲಿನವರು ಮರೆವಿನ ರೋಗದಿಂದ ಪೀಡಿತರು. ಅವರಿಗೆ ಮಗಳ ಮುಖವೂ ಮಗನ ದನಿಯೂ ಕಾಲದೇಶಗಳ ಅರಿವನ್ನು ಉಳಿಸಿಕೊಡುವ ಆಧಾರಗಳು. ಕಿಟಕಿಯ ಗಾಜಿನಾಚೆ ನಿಂತು ಕೈಬೀಸುವ ಮಗಳು ಏತಕ್ಕೆ ಒಳಗೆ ಬರುವುದಿಲ್ಲವೆಂಬುದು ಅವರಿಗೆ ತಿಳಿಯುವಂತಿರಲಿಲ್ಲ. ಒಬ್ಬೊಬ್ಬ ನಿವಾಸಿಗೆ ಒಬ್ಬ ಬಂಧುವು ಒಳಗೆ ಬಂದು ಕೈಹಿಡಿಯಬಹುದೆಂಬ ಅನುಮತಿ ದೇಶವ್ಯಾಪಕವಾಗಿ ದೊರೆತುದು ೨೦೨೧ರ ಮಾರ್ಚಿ ೮ರಂದು. ಆ ವೇಳೆಗೆ ಸಾವಿರಾರು ಮಂದಿ ಬಂಧುಗಳನ್ನು ಕಾಣದೆಯೇ ಕಣ್ಣುಮುಚ್ಚಿದ್ದರು. ಹೃದಯವು ನಿಂತಾಗ ಚೇತರಿಸುವ ಚಿಕಿತ್ಸೆ ಬೇಡವೆಂಬ ಬರಹವನ್ನು ಕೆಲವರ ವಿಷಯದಲ್ಲಿ ಅವರನ್ನಾಗಲಿ ಬಂಧುಗಳನ್ನಾಗಲಿ ಸರಿಯಾಗಿ ಕೇಳದೆ ಕಡತಕ್ಕೆ ಸೇರಿಸಿದ್ದರೆಂಬ ದೂರುಗಳನ್ನೂ ಆರೈಕೆಯ ತನಿಖಾ ಮಂಡಲಿಯು ವಿಚಾರಿಸಿ, ೨೦೨೧ರ ಮಾರ್ಚಿಯ ವರದಿಯಲ್ಲಿ ಕಳವಳವನ್ನು ಸೂಚಿಸಿತು.

೮

ಲಸಿಕೆಯ ಕಾಲದಲ್ಲಿ ಕ್ರಮವು ತಿರುಗಿತು. ೨೦೨೦ರ ಡಿಸೆಂಬರಿನಲ್ಲಿ ಲಸಿಕೆ ಲಭ್ಯವಾದಾಗ ವೃದ್ಧಾಶ್ರಮವಾಸಿಗಳನ್ನೂ ಅವರನ್ನು ಆರೈಕೆಮಾಡುವವರನ್ನೂ ಮೊತ್ತಮೊದಲನೆಯ ಪಂಕ್ತಿಯಲ್ಲಿ ನಿಲ್ಲಿಸಲಾಯಿತು. ೨೦೨೧ರ ಜನವರಿಯ ಕೊನೆಗೆ ಇಂಗ್ಲೆಂಡಿನ ವೃದ್ಧಾಶ್ರಮಗಳ ನಿವಾಸಿಗಳಿಗೆಲ್ಲ ಅದನ್ನು ನೀಡಲು ಮುಂದಾದರು. ನಿವಾಸಿಯನ್ನೂ ಸೇವಕಿಯನ್ನೂ ಒಂದೇ ಪಂಕ್ತಿಯಲ್ಲಿ ಸೇರಿಸಿದುದೇ ಇಲ್ಲಿಯ ವಿಶೇಷ. ಆದರೆ ಹಿಂದೆ ಮಾದರಿಯಾಗಿದ್ದ ಹಾಂಗ್‌ಕಾಂಗಿನಲ್ಲಿ ಇದಕ್ಕೆ ವಿಪರೀತವಾಯಿತು. ಅಲ್ಲಿಯ ವೃದ್ಧಾಶ್ರಮವಾಸಿಗಳಲ್ಲಿ ಬಹು ಕಡಿಮೆ ಮಂದಿ ಲಸಿಕೆ ಪಡೆದಿದ್ದರು. ೨೦೨೨ರ ಮೊದಲ ತಿಂಗಳುಗಳಲ್ಲಿ ಓಮಿಕ್ರಾನ್ ಎಂಬ ರೂಪಾಂತರವು ಹಬ್ಬಿ ೯,೦೦೦ಕ್ಕೂ ಹೆಚ್ಚು ಮಂದಿ ಸತ್ತಾಗ, ಅವರಲ್ಲಿ ದೊಡ್ಡ ಪಾಲು ವೃದ್ಧಾಶ್ರಮವಾಸಿಗಳದು. ಒಂದು ರೋಗದಿಂದ ಕಲಿತ ಪಾಠವನ್ನು ಎರಡು ವರ್ಷ ಪಾಲಿಸಿದವರೂ ಮುಂದಿನ ಹೆಜ್ಜೆಯಲ್ಲಿ ಎಡವಬಹುದೆಂಬುದಕ್ಕೆ ಇದು ಸಾಕ್ಷಿ.

೨೦೨೨ರ ಏಪ್ರಿಲ್ ೨೭ರಂದು ಲಂಡನ್ನಿನ ಹೈಕೋರ್ಟು, ವೃದ್ಧಾಶ್ರಮಗಳಲ್ಲಿ ತಂದೆಯರನ್ನು ಕಳೆದುಕೊಂಡ ಇಬ್ಬರು ಹೆಣ್ಣುಮಕ್ಕಳು ಹೂಡಿದ ವ್ಯಾಜ್ಯದಲ್ಲಿ ತೀರ್ಪು ಕೊಟ್ಟಿತು. ಲಕ್ಷಣ ತೋರದವರಿಂದ ವೃದ್ಧರಿಗೆ ಒದಗುವ ಅಪಾಯವನ್ನು ಗಣನೆಗೆ ತಾರದೆ ಮಾರ್ಚಿ ಏಪ್ರಿಲ್‌ಗಳಲ್ಲಿ ಹೊರಡಿಸಿದ ಸೂಚನೆಗಳು ಕಾನೂನಿಗೆ ವಿರುದ್ಧವಾದುವು. ಆಸ್ಪತ್ರೆಯಿಂದ ಬಂದವರನ್ನು ಸಾಧ್ಯವಾದ ಮಟ್ಟಿಗೆ ಹದಿನಾಲ್ಕು ದಿನಗಳ ವರೆಗೆ ಪ್ರತ್ಯೇಕವಾಗಿರಿಸಬೇಕೆಂದು ತಿಳಿಸಬೇಕಾಗಿತ್ತು ಎಂಬುದು ತೀರ್ಪಿನ ಮುಖ್ಯಾಂಶ. ಅರ್ಜಿದಾರರ ಇತರ ವಾದಗಳನ್ನು, ಮಾನವಹಕ್ಕುಗಳ ವಾದವನ್ನೂ ಸೇರಿಸಿ, ನ್ಯಾಯಸ್ಥಾನವು ಒಪ್ಪಲಿಲ್ಲ. ಹಾಸಿಗೆಗಳನ್ನು ತೆರವುಮಾಡಿದುದೇ ತಪ್ಪೆಂದು ಅದು ಹೇಳಲಿಲ್ಲವೆಂಬುದನ್ನೂ ಗಮನಿಸಬೇಕು. ಹೋದವರು ಯಾರ ನಡುವೆ ಹೋಗುತ್ತಾರೆಂಬುದನ್ನು ಯೋಚಿಸಲಿಲ್ಲವೆಂಬುದೇ ಆಕ್ಷೇಪ. ೨೦೨೪ರ ಏಪ್ರಿಲ್ ೬ರಿಂದ, ಅಸಾಧಾರಣ ಕಾರಣಗಳಿದ್ದ ಹೊರತು ನಿವಾಸಿಗೆ ಬಂಧುಮಿತ್ರರ ಭೇಟಿಯನ್ನು ತಪ್ಪಿಸಕೂಡದೆಂಬ ನಿಯಮವು ಜಾರಿಗೆ ಬಂದಿತು. ಆರೈಕೆಯ ವೆಚ್ಚಕ್ಕೆ ಮಿತಿಯನ್ನು ಹಾಕುವ ಯೋಜನೆಯು ಮಾತ್ರ ಹಲವು ಸಲ ಮುಂದೂಡಲ್ಪಟ್ಟು, ಅದೇ ವರ್ಷದ ಜುಲೈಯಲ್ಲಿ ಕೈಬಿಡಲ್ಪಟ್ಟಿತು.

೯

ಮೇಲಿನ ವೃತ್ತಾಂತದಿಂದ ಸಿದ್ಧವಾಗುವುದಿಷ್ಟು. ವೃದ್ಧಾಶ್ರಮವು ಕೋಟೆಯಲ್ಲ, ಅದರ ಬಾಗಿಲು ದಿನಕ್ಕೆ ಹತ್ತುಸಲ ತೆರೆಯಲೇಬೇಕು. ಮಗಳನ್ನು ಹೊರಗೆ ನಿಲ್ಲಿಸಿ, ಪರೀಕ್ಷೆಯಿಲ್ಲದ ರೋಗಿಯನ್ನು ಒಳಗೆ ಬಿಟ್ಟು, ಕಾಯಿಲೆ ಬಿದ್ದ ಸೇವಕಿಗೆ ಸಂಬಳವಿಲ್ಲದಂತೆ ಮಾಡಿದ ಏರ್ಪಾಡು ಬಾಗಿಲನ್ನು ಮುಚ್ಚಿದಂತೆ ತೋರಿದರೂ ರೋಗಕ್ಕೆ ಅದನ್ನು ತೆರೆದೇ ಇಟ್ಟಿತು. ಹೊಸಿಲು ದಾಟುವವರನ್ನು ಕಾಪಾಡಿದಲ್ಲಿ ಒಳಗಿನವರೂ ಉಳಿದರು. ಇದು ಹೊಸ ಜ್ಞಾನವಲ್ಲ. ಹಾಂಗ್‌ಕಾಂಗಿನವರಿಗೆ ೨೦೦೩ರಲ್ಲಿಯೇ ತಿಳಿದುದು. ಇಂಗ್ಲೆಂಡಿನಲ್ಲಿ ಅದು ಅಧಿಕಾರಿಗಳ ಕಿವಿಗೆ ತಡವಾಗಿ ಬಿದ್ದುದಕ್ಕೆ, ಅವರ ಗಮನವೆಲ್ಲ ಅಂಗಳದ ಈ ಮಗ್ಗುಲಿನ ಹಾಸಿಗೆಗಳ ಮೇಲೆ ನೆಟ್ಟಿದ್ದುದೇ ಕಾರಣ. ವೃದ್ಧನನ್ನು ವೈದ್ಯನ ಕಣ್ಣಿನಿಂದ ದೂರಮಾಡಕೂಡದೆಂದು ಮಾರ್ಜರಿ ವಾರೆನ್ ೧೯೩೫ರಲ್ಲಿ ತನ್ನ ಕೆಲಸದಿಂದ ತೋರಿಸಿದ್ದಳು. ೧೯೪೮ರ ಶಾಸನವು ದುಡಿಮೆಮನೆಯ ಹೆಸರನ್ನು ಅಳಿಸಿತು. ಆಕೆಯು ದಾಟಿದ ಗೆರೆಯನ್ನು ಮಾತ್ರ ಉಳಿಸಿತು. ೨೦೨೦ರಲ್ಲಿ ವೃದ್ಧರು ತೆತ್ತುದು ಆ ಗೆರೆಯ ಬೆಲೆಯನ್ನು.